ಮೂವತ್ತನೆಯ ಆಜ್ಞೆ

ರೊಟ್ಟಿ ಬಡಿಯುವ ಸದ್ದು ನಿಂತಿದೆ, ಹಿಟ್ಟು ತೀರಿತೋ ಅತ್ತಿಯ ತೋಳು ಸೋತಿತೋ, ಪರದೆಯ ಮೇಲೆ ಫ್ಯಾನಿನ ನೆರಳು ಸುತ್ತುತ್ತಿದೆ, ನೆರಳಿನ ಕೆಳಗೆ ಅವನ ಹೆಸರು, ಶಾಂತಕುಮಾರ, ಹೆಸರಿನ ಪಕ್ಕ ಹಸಿರು ಚುಕ್ಕೆ, ಮನುಷ್ಯ ಇಲ್ಲೇ ಇದ್ದಾನೆ ಎಂದು ಅರ್ಥ — ಇಲ್ಲ, ಏಳು ತಿಂಗಳಾಯಿತು, ಡೆಂಗಿ, ಐದೇ ದಿನ, ಇಲ್ಲಿ ಕೂತಿರುವುದು ನಾನು, ಅವನ ಹೆಂಡತಿ, ಅವನ ಕುರ್ಚಿಯಲ್ಲಿ, ಅವನ ಖಾತೆಯಲ್ಲಿ. ಮೋಸ ಮಾಡಬೇಕೆಂದಿರಲಿಲ್ಲ. ಹದಿನಾಲ್ಕನೆಯ ದಿನ ಕಂಪ್ಯೂಟರ್ ತೆರೆದಾಗ ಯಾರೋ ಕೇಳಿದ್ದರು, ಶಾಂತಣ್ಣಾರ, ಮುಂದಿನ ಪುಟ ಯಾವಾಗ, ನಾನು ಭಾನುವಾರ ಎಂದು ಬರೆದೆ, ಒಂದೇ ಶಬ್ದ, ಆಮೇಲೆ ಭಾನುವಾರ ಬಂದೇ ಬಂತು. ಲೋಹ ಕೊರೆಯುವ ಯಂತ್ರಗಳನ್ನು ನಡೆಸುವ ತಂತ್ರಾಂಶ ಅದು, ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ತಿದ್ದಬಹುದು, ಅದಕ್ಕೆಂದೇ ಕಟ್ಟಿದ ಪುಟ್ಟ ಸ್ಕ್ರಿಪ್ಟ್ ಭಾಷೆಯಲ್ಲಿ ನಲವತ್ತೊಂದು ಆಜ್ಞೆಗಳು, ಒಂದೊಂದಕ್ಕೂ ಕನ್ನಡದಲ್ಲಿ ಒಂದು ಪುಟ ಬರೆಯುತ್ತೇನೆಂದು ಹೊರಟವನು ಅವನು, ಶೆಡ್ಡಿನ ಹುಡುಗರಿಗೆ ಇಂಗ್ಲಿಷ್ ಬರಂಗಿಲ್ಲ ಕಾವ್ಯಾ, ಊಹಿಸಿ ಗುಂಡಿ ಒತ್ತತಾರ. ಭಾನುವಾರ ಸನತ್‌ನಗರಕ್ಕೆ ಹೋಗಿ ಅಮರೇಶಪ್ಪನವರ ಶೆಡ್ಡಿನಲ್ಲಿ ಆಜ್ಞೆಯನ್ನು ಯಂತ್ರದ ಮೇಲೆ ಓಡಿಸಿ ನೋಡುತ್ತಿದ್ದ, ನೋಡಿದ ಮೇಲೆಯೇ ಬರೆಯುತ್ತಿದ್ದ, ನಾನು ವಾಕ್ಯ ತಿದ್ದಲು ಹೋದರೆ ನಗುತ್ತಿದ್ದ, ನಿನ್ನ ಕನ್ನಡ ಭಾಳ ಚಂದ ಐತಿ, ಯಂತ್ರಕ್ಕ ಅದು ತಿಳಿಯಂಗಿಲ್ಲ. ಇಪ್ಪತ್ತೊಂಬತ್ತು ಆಗಿದ್ದವು. ಮೂವತ್ತನೆಯದು ಹೋಲ್ಡ್. ಅವನ ವಹಿಯಲ್ಲಿ ಆ ಹೆಸರು ಮಾತ್ರ ಇತ್ತು, ಕೆಳಗೆ ಏನೂ ಇರಲಿಲ್ಲ, ಅಂದರೆ ಅವನು ಓಡಿಸಿ ನೋಡಿರಲಿಲ್ಲ, ಅದು ನನಗೆ ಗೊತ್ತಿತ್ತು, ಗೊತ್ತಿತ್ತು. ಶೆಡ್ಡಿಗೆ ಹೋಗಿದ್ದರೆ ಅಮರೇಶಪ್ಪ ತೋರಿಸುತ್ತಿದ್ದರು, ಆದರೆ ಅವರು ನನ್ನನ್ನು ಕಂಡ ಕೂಡಲೇ ಅಳುತ್ತಾರೆ, ಬಾರವ್ವ ತಂಗಿ ಎಂದು ಸ್ಟೂಲು ಒರೆಸಿ ಅಳುತ್ತಾರೆ, ನನಗೆ ಅಳು ಬರುವುದಿಲ್ಲ, ಅವರ ಎದುರು ಒಣಗಿದ ಕಣ್ಣು ಇಟ್ಟುಕೊಂಡು ಚಹಾ ಕುಡಿಯುವುದಕ್ಕೆ ನಾಚಿ ಇಲ್ಲೇ ತಾರ್ನಾಕದ ಮನೆಯಲ್ಲಿ ಕೂತು ಬರೆದುಬಿಟ್ಟೆ — ಹೋಲ್ಡ್ ಎಂದರೆ ಯಂತ್ರ ನಿಲ್ಲುತ್ತದೆ, ನೀವು ಗುಂಡಿ ಒತ್ತುವವರೆಗೆ ಮತ್ತೆ ಹೊರಡುವುದಿಲ್ಲ. ಮುಂದಿನ ಪುಟಗಳನ್ನೂ ಹೀಗೇ ಬರೆದೆ. ಎಂ.ಎ. ಓದಿದ ಕೈ, ವಾಕ್ಯದಲ್ಲಿ ಒಂದು ತಪ್ಪಿಲ್ಲ. ಯಂತ್ರ ತೊಂಬತ್ತು ಸೆಕೆಂಡಿಗೆ ತಾನೇ ಹೊರಡುತ್ತದೆ.

ಹುಬ್ಬಳ್ಳಿಯ ಶೆಡ್ಡೊಂದರಲ್ಲಿ ಮಲ್ಲಪ್ಪ ಎಂಬಾತ ಅದನ್ನು ಓದಿ ಯಂತ್ರ ನಿಲ್ಲಿಸಿದ, ಸಿಕ್ಕಿಕೊಂಡ ಲೋಹದ ಚೂರು ತೆಗೆಯಲು ಕೈ ಹಾಕಿದ. ಫೋಟೋ ಹಾಕಿದ್ದಾನೆ, ನನ್ನ ಪುಟವನ್ನು ಅಚ್ಚು ಹಾಕಿಸಿ ಮೇಜಿನ ಮೇಲೆ ಹರಡಿ, ಸರಿಯಾಗಿ ಆ ಸಾಲಿನ ಕೆಳಗೆ ಬಲಗೈ ಇಟ್ಟು, ತೋರುಬೆರಳಿಗೆ ಬಿಳಿ ಬಟ್ಟೆ, ಬೆರಳು ಪಕ್ಕದ್ದಕ್ಕಿಂತ ಬಹಳ ಗಿಡ್ಡ. ಅಣ್ಣಾರ, ನೀವ್ ಬರದಂಗ ಮಾಡೀನ್ರಿ, ಮಾಲಕ್ರು ನಂದ ತಪ್ಪು ಅಂತಾರ, ನಾಳಿಂದ ಬರಬ್ಯಾಡ ಅಂದಾರ, ನೀವ್ ಒಂದ್ ಮಾತು ಹೇಳ್ರಿ. ಕೆಳಗೆ ಪುಣೆಯಿಂದ ತರುಣ ಎಂಬಾತ, ಇಡೀ ಯೋಜನೆ ನೋಡಿಕೊಳ್ಳುವವನು, ಕನ್ನಡದ ಒಂದಕ್ಷರ ಬಾರದವನು, ಆತ ಬರೆದಿದ್ದಾನೆ, ಶಾಂತಕುಮಾರ ಓಡಿಸಿ ನೋಡದೆ ಒಂದು ಸಾಲೂ ಬರೆಯುವವನಲ್ಲ, ಆಪರೇಟರ್ ತಪ್ಪಾಗಿ ಓದಿರಬೇಕು. ಮಾಲಕ ಅದನ್ನೇ ಮಲ್ಲಪ್ಪನಿಗೆ ತೋರಿಸಿದನಂತೆ. ಸತ್ತವನ ಪ್ರಾಮಾಣಿಕತೆಯನ್ನು ಸಾಕ್ಷಿಗೆ ನಿಲ್ಲಿಸಿದ್ದಾರೆ, ಬೆರಳು ಹೋದವನ ವಿರುದ್ಧ, ಮೂರು ದಿನದಿಂದ ನಾನು ಸುಮ್ಮನಿದ್ದೇನೆ, ಹಸಿರು ಚುಕ್ಕೆಯಾಗಿ. ಅತ್ತಿ ಬಾಗಿಲಲ್ಲಿ ನಿಂತಿದ್ದಾರೆ, ಕೈತುಂಬ ಜೋಳದ ಹಿಟ್ಟು, ಇವತ್ತ ಎಷ್ಟ್ ಮಂದಿ ಮಾತಾಡ್ಸಿದ್ರವ್ವಾ ನಮ್ ಶಾಂತೂಗ? ಮಗ ಇಲ್ಲವೆಂದು ಗೊತ್ತಿದ್ದೂ ದಿನಾ ಕೇಳುತ್ತಾರೆ, ಕೇಳಿ ಮಹಡಿಯ ಮೇಲಿನವರಿಗೆ ತೆಲುಗಿನಲ್ಲಿ ಹೇಳಿಬರುತ್ತಾರೆ. ನಾಲ್ಕು ಮಂದಿ ಅತ್ತಿ. ಅಷ್ಟ? ನಿನ್ನೆ ಒಂಬತ್ತಿದ್ರಲ್ಲ, ನೀ ಸರಿಯಾಗಿ ಉತ್ತರಾ ಕೊಡಾಕತ್ತಿಲ್ಲ ಕಾಣ್ತೈತಿ, ಬಾ, ರೊಟ್ಟಿ ಆರಾಕತ್ತಾವ. ಬಂದೆ. ಬರೆದರೆ ಅವನು ಇನ್ನೊಮ್ಮೆ ಹೋಗುತ್ತಾನೆ, ಬರೆಯದಿದ್ದರೆ, ಬಿಳಿ ಬಟ್ಟೆ, ಸಾಲಿನ ಕೆಳಗೆ, ಬರೆದರೆ ಅತ್ತಿಗೆ ನಾಳೆ ಎಷ್ಟು ಮಂದಿ ಎನ್ನಲಿ — ಬರೆದೆ, ಮಲ್ಲಪ್ಪನವರು ಸರಿಯಾಗಿಯೇ ಓದಿದ್ದಾರೆ. ಶಾಂತಕುಮಾರ ತೀರಿಕೊಂಡು ಏಳು ತಿಂಗಳಾಯಿತು. ಮೂವತ್ತನೆಯ ಪುಟದಿಂದ ಬರೆದವಳು ನಾನು, ಕಾವ್ಯಾ, ಅವನ ಹೆಂಡತಿ. ಯಾವುದನ್ನೂ ಓಡಿಸಿ ನೋಡಿಲ್ಲ. ಕನ್ನಡದಲ್ಲೊಮ್ಮೆ, ತರುಣನಿಗಾಗಿ ಇಂಗ್ಲಿಷಿನಲ್ಲೊಮ್ಮೆ, ಕಳಿಸಿದೆ. ಬೈಯುತ್ತಾರೆ ಎಂದು ಕಾದೆ. ತರುಣನ ಉತ್ತರ ಬಂತು, ಭಾಭೀ, ನೀವು ಏನೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ಎಷ್ಟು ದೊಡ್ಡ ಮನಸ್ಸು ನಿಮ್ಮದು, ಅವನ ಕೆಲಸ ಮುಂದುವರಿಸಿದಿರಿ, ಆಮೇಲೆ ಸಾಲುಸಾಲು ಕೈಮುಗಿದ ಚಿತ್ರಗಳು, ದೀಪದ ಚಿತ್ರಗಳು, ಇಪ್ಪತ್ತು, ಮೂವತ್ತು, ಗಂಡ ಸತ್ತವಳು ಎಂದ ಕೂಡಲೇ ಎಲ್ಲ ಮಾಫಿ, ಯಾರೂ ಬೆರಳಿನ ಮಾತೆತ್ತಲಿಲ್ಲ, ಮತ್ತೆ ನನಗೆ — ಹೇಳಿಬಿಡಬೇಕು — ನನಗೆ ಹಗುರವಾಯಿತು, ಹೇಳಿ ಮುಗಿಸಿದೆ ಎಂದು ಊಟಕ್ಕೆ ಎದ್ದೆ, ಅರ್ಧ ಎದ್ದೆ. ಆಗ ಮಲ್ಲಪ್ಪ. ಎಡಗೈಲಿ ಒತ್ತಿದ್ದಾನೋ ಏನೋ, ಅಕ್ಷರಗಳು ಕೂಡಿಲ್ಲ. ಅಕ್ಕಾರ, ಅಣ್ಣಾರ ಸುದ್ದಿ ಕೇಳಿ ಭಾಳ ಕೆಟ್ಟ ಅನಿಸ್ತ್ರಿ. ನೀವ್ ಬರದದ್ದ ಮಾಲಕರಿಗೆ ತೋರಸ್ತೀನಿ. ಆದ್ರ ಅಕ್ಕಾರ, ಆ ಸಾಲು ಇನ್ನೂ ಹಂಗ ಐತಿ ನೋಡ್ರಿ. ಗದಗದಾಗ ಹುಡುಗ್ರು ಅದನ್ನ ಓದ್ತಾರ. ಮೊದಲ ಅದನ್ನ ತಗೀರಿ.

ಹಾಗೇ ಇದೆ. ಮೂರು ದಿನ ನನ್ನ ನಾಚಿಕೆಯನ್ನೇ ನೋಡುತ್ತ ಕೂತೆ, ಸಾಲು ಹಾಗೇ ಇತ್ತು, ತಪ್ಪೊಪ್ಪಿಗೆಯನ್ನು ಎರಡು ಭಾಷೆಯಲ್ಲಿ ತಿದ್ದಿ ತೀಡಿದೆ, ಸಾಲು ಹಾಗೇ ಇತ್ತು, ಅದನ್ನು ಓದಲೂ ಬಲ್ಲ ತೆಗೆಯಲೂ ಬಲ್ಲವರು ಅಲ್ಲಿ ಬೇರೆ ಯಾರೂ ಇಲ್ಲ. ಪುಟ ತೆರೆದೆ, ಅಳಿಸುವ ಗುಂಡಿಯ ಮೇಲೆ ನನ್ನ ತೋರುಬೆರಳು, ಪೂರ್ತಿ, ಉಗುರು ಸಹಿತ, ಅಕ್ಷರ ಒಂದೊಂದೇ ಹೋಗುತ್ತಿವೆ, ಹೊರಡುವುದಿಲ್ಲ ಹೋಯಿತು, ಒತ್ತುವವರೆಗೆ ಹೋಯಿತು, ಕಾವ್ಯಾ, ರೊಟ್ಟಿ, ಹಾಂ ಅತ್ತಿ, ಸಾಲು ಹೋಯಿತು, ಬಿಳಿ ಜಾಗ, ಬಿಳಿ ಜಾಗದ ಕೆಳಗೆ ಬಿಳಿ ಬಟ್ಟೆ, ಬಟ್ಟೆಯೊಳಗೆ ಬೆರಳು, ಉಗುರು ಇರಬೇಕಾದ ಜಾಗಕ್ಕಿಂತ ಮೊದಲೇ ಮುಗಿದುಹೋದ ಬೆರಳು