ಕಾರ್ಡ್ ಕಂಪನಿಯೂ ಬೋಂಡಾದ ದುಡ್ಡೂ

ಡಚ್ಚರ ನಾಡಿನ ವೂರ್‌ಬರ್ಗ್ ಎಂಬ ಊರಿನಲ್ಲಿ ಹಿತ್ತಲಿರುವ ಪುಟ್ಟ ಮನೆ ಕೊಳ್ಳಲೆಂದು ಊರ್ಮಿಳಾ ವರ್ಷಗಟ್ಟಲೆ ಕೂಡಿಟ್ಟ ಹಣದ ಮೇಲೆ ಗಂಡ ಗೋವಿಂದರಾಜುವಿನ ಕಣ್ಣು ಬಿದ್ದಿತ್ತು. ಹೂಫ್‌ಡಾರ್ಪ್‌ನ ಆಫೀಸಿನಲ್ಲಿ ಸಾಫ್ಟ್‌ವೇರ್ ಪರೀಕ್ಷಿಸುವ ಈ ಮಹಾನುಭಾವ ಎರಡು ತಿಂಗಳು ಯೂಟ್ಯೂಬ್ ನೋಡಿ ಷೇರು ಪಂಡಿತನಾಗಿದ್ದ. ಹಣವನ್ನೆಲ್ಲ ಒಂದು ಕ್ರೆಡಿಟ್ ಕಾರ್ಡ್ ಕಂಪನಿಯ ಷೇರಿಗೆ ಸುರಿಯಬೇಕಂತೆ! ಪುಣ್ಯಕ್ಕೆ, ಇಬ್ಬರೂ ಒಪ್ಪಿದರೆ ಮಾತ್ರ ದುಡ್ಡು ಹೊರಬರುವಂತೆ ಅವಳು ಖಾತೆ ತೆರೆಸಿದ್ದಳು.

ಅವಳನ್ನು ಒಪ್ಪಿಸಲು ಅವನು ಭಾನುವಾರ ಗೆಳೆಯರನ್ನೆಲ್ಲ ಮನೆಗೆ ಕರೆದು, ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿದ.

"ಜನ ಕಾರ್ಡ್ ಉಜ್ಜಿದಾಗೆಲ್ಲ ಕಂಪ್ನಿಗೆ ಕಮಿಷನ್. ಸಾಲ ಕೊಡೋದು ಬ್ಯಾಂಕು, ರಿಸ್ಕೂ ಬ್ಯಾಂಕಿಂದೇ. ಇವರದ್ದು ಬರೀ ಟೋಲ್‌ಗೇಟು! ಮಾರ್ಜಿನ್ ನೋಡಿ, ಗ್ರೋತ್ ನೋಡಿ. ಕಾರ್ಡ್ ಇಲ್ದೆ ಇವತ್ತು ಯಾರಾದ್ರೂ ಬದುಕ್ತಾರಾ?"

ಜೈಡಾಸ್ ಎಂಬ ದೊಡ್ಡ ಆಫೀಸುಗಳ ಬಡಾವಣೆಯ ಬ್ಯಾಂಕೊಂದರಲ್ಲಿರುವ ಶೇಷಾದ್ರಿ ಬಾಯಿತುಂಬ ಬೋಂಡಾ ಇಟ್ಟುಕೊಂಡೇ ತಲೆಯಾಡಿಸಿದ. ಬ್ಯಾಂಕಿನವನ ತಲೆ ಆಡಿದ್ದೇ ತಡ, ಉಳಿದವರದ್ದೂ ಆಡಿತು. ಅವನು ಅಲ್ಲಿ ನೋಡಿಕೊಳ್ಳುವುದು ಪ್ರಿಂಟರುಗಳನ್ನು ಎಂದು ಊರ್ಮಿಳಾಗೆ ಗೊತ್ತಿತ್ತು. ಆದರೂ ಇಷ್ಟು ಜನರೆದುರು ಬೇಡ ಅಂದರೆ ತಾನೇ ದಡ್ಡಿ.

"ಎಲ್ಲರೂ ಹೂಂ ಅಂದ್ರಲ್ಲ, ನೀನೂ ಅನ್ನೇ" ಎಂದ ಗಂಡ.

ಅಷ್ಟರಲ್ಲಿ ಎಲ್ಲರ ಫೋನುಗಳೂ ಟಿಣ್ ಎಂದವು. ಊರ್ಮಿಳಾ ಕರಿದ ಬೋಂಡಾದ ಖರ್ಚನ್ನು ತಲೆಗಿಷ್ಟೆಂದು ಹಂಚಿ ಗೋವಿಂದರಾಜುವೇ ‘ಟಿಕ್ಕಿ’ ಎಂಬ ವಸೂಲಿ ಲಿಂಕ್ ಕಳಿಸಿದ್ದ. ಕರೆದು ತಿನ್ನಿಸಿ ಆಮೇಲೆ ಫೋನಿಗೆ ಹಣದ ಲಿಂಕ್ ಕಳಿಸುವ ಈ ಪದ್ಧತಿಯೊಂದನ್ನು ಮಾತ್ರ ಅವನು ಡಚ್ಚರಿಂದ ಶ್ರದ್ಧೆಯಿಂದ ಕಲಿತಿದ್ದ. ಎಲ್ಲರೂ ಬೆರಳೊತ್ತಿದರು, ದುಡ್ಡು ಬಂದು ಬಿತ್ತು.

"ರೀ, ಇದ್ರಲ್ಲಿ ನಿಮ್ಮ ಟೋಲ್‌ಗೇಟಿಗೆ ಎಷ್ಟು ಹೋಯ್ತು?" ಊರ್ಮಿಳಾ ಕೇಳಿದಳು.

"ಇದು... ಬ್ಯಾಂಕಿಂದ ಬ್ಯಾಂಕಿಗೆ ಕಣೇ, ಕಾರ್ಡ್ ಬೇಕಿಲ್ಲ. ಇಲ್ಲಿ ಹಂಗೇ. ಈ ದೇಶ ಒಂದೇನಾ ಪ್ರಪಂಚ?"

"ಹೋಗ್ಲಿ, ನಿಮ್ಮ ಕಾರ್ಡ್ ತೋರ್ಸಿ."

ಜಂಬದಿಂದ ಪರ್ಸ್ ಬಿಚ್ಚಿದ. ಅದೇ ಕಂಪನಿಯ ಕಾರ್ಡು, ತರಿಸಿ ಮೂರು ವರ್ಷವಾದರೂ ಥಳಥಳ ಹೊಳೆಯುತ್ತಿತ್ತು. ಬಳಸುವ ಮೊದಲು ಚಾಲೂ ಮಾಡಿಸಿಕೊಳ್ಳಿ ಎಂಬ ಚೀಟಿಯನ್ನೇ ಇನ್ನೂ ಕಿತ್ತಿರಲಿಲ್ಲ. ಹೇಳೋದು ಪುರಾಣ, ತಿನ್ನೋದು ಬದನೆಕಾಯಿ!

ಶೇಷಾದ್ರಿಯ ತಲೆ ಈ ಸಲ ಅಡ್ಡಡ್ಡ ಆಡಿತು. ಉಳಿದವರದ್ದೂ ಆಡಿತು.

ಊರ್ಮಿಳಾ ಅಲ್ಲೇ ವೂರ್‌ಬರ್ಗ್‌ನ ಮನೆ ದಲ್ಲಾಳಿಗೆ ಮನೆ ನೋಡಲು ನಾಳೆ ಬರುತ್ತೇವೆಂದು ಮೆಸೇಜ್ ಹಾಕಿದಳು.

"ನೀವೂ ಬನ್ನಿ" ಎಂದಳು ಗಂಡನಿಗೆ. "ಟ್ರೈನ್ ಚಾರ್ಜಿಗೆ ಟಿಕ್ಕಿ ಕಳಿಸ್ತೀನಿ."