ಸಂಬೋಧನೆ

ಕಂಪ್ಯೂಟರಿನ ತೆರೆಯ ಮೇಲೆ ಹಸಿರು ಪಟ್ಟಿ ನೂರರಲ್ಲಿ ಹನ್ನೊಂದಕ್ಕೆ ಬಂದು ನಿಂತಿದೆ, ಇಲ್ಲ, ಹನ್ನೆರಡು, ಅಫ್ಸರನ ಅಂಗಡಿಯ ಫ್ಯಾನು ತಲೆಯ ಮೇಲೆ ಕಟಕಟ, ಡಬ್ಬಿಯೊಳಗೆ ಸಿ.ಡಿ. ಗಿರಗಿರ — ಈಗ ಬರ್ನ್ ಆಗಾಕತ್ತೈತಿ ನೋಡ್ರಿ ಸರ, ಎನ್ನುತ್ತಾನೆ ಅಫ್ಸರ, ಬರ್ನ್ ಅಂದ್ರ ಸುಡೂದು ಹೌದಲ್ಲೋ ತಮ್ಮಾ, ಎನ್ನುತ್ತಾಳೆ ಸ್ಟೂಲಿನ ಮೇಲೆ ಕೂತ ನನ್ನ ಅಕ್ಕ ಶಿವಗಂಗಕ್ಕ, ಮಣ್ಣು ಕೊಟ್ಟ ಅವ್ವನ್ನ ಎರಡು ತಿಂಗಳ ಮ್ಯಾಲೆ ಇಳಕಲ್ಲಿಗೆ ತಂದು ಸುಡಾಕತ್ತೀಯಲ್ಲೋ, ಲಿಂಗಾಯತರ ಮನ್ಯಾಗ ಇದ ಮೊದಲು, ಎಂದು ತಾನೇ ನಗುತ್ತಾಳೆ, ಕಣ್ಣು ಕಾಣದವಳ ನಗೆ ಯಾವಾಗಲೂ ಒಂದಿಷ್ಟು ಪಕ್ಕಕ್ಕೆ ಬೀಳುತ್ತದೆ, ಈಗ ಪ್ರಿಂಟರಿನ ಮೇಲೆ ಬಿದ್ದಿದೆ. ಅವಳ ತೋರುಬೆರಳು ಮೊಣಕಾಲನ್ನು ಒತ್ತುತ್ತಿದೆ, ಗುಡೂರಿನ ತನ್ನ ಮನೆಯ ಸಿ.ಡಿ. ಪ್ಲೇಯರಿನ ಗುಂಡಿ ಅಲ್ಲೇ ಇದ್ದಂತೆ, ನಾನು ಹೇಳಿಕೊಟ್ಟ ಪಾಠ, ಒಂದು ಒತ್ತಿದರೆ ಬೀಸುವ ಹಾಡು, ಎರಡಕ್ಕೆ ಜೋಗುಳ, ಮೂರಕ್ಕೆ ಗಾದೆ, ನಾಲ್ಕಕ್ಕೆ ಬೈಗುಳ, ಎಷ್ಟು ಚೊಕ್ಕ, ಯಾರು ಕೇಳಿದರೂ ಫೋನಿನಲ್ಲೇ ಹಾಡಿಬಿಡುತ್ತಿದ್ದಳು ಅವ್ವ, ಅವಳ ಫೋನು ತಾನಾಗಿಯೇ ಮುದ್ರಿಸಿ ತುಂಬಿಕೊಂಡಿದ್ದ ನಾನೂರ ಹನ್ನೆರಡು ಕರೆಗಳನ್ನು ಹದಿನೈದು ದಿನ ಕೂತು ವಿಂಗಡಿಸಿದೆ, ಮೂವತ್ತು ವರ್ಷ ಕನ್ನಡ ಕಲಿಸಿದ ಕೈ, ನಾಲ್ಕು ಫೋಲ್ಡರು, ಡಿಸ್ಕಿನಲ್ಲಿ ಜಾಗ ಸಾಲದೆಂದು ಉಳಿದದ್ದನ್ನು ಅಳಿಸಿ, ಅಳಿಸಿದ್ದು ಬೀಳುವ ಬುಟ್ಟಿಯನ್ನೂ ಬಳಿದು ತೊಳೆದು, ಫೋನನ್ನು ಖಾಲಿ ಮಾಡಿ ಹಳೆಯದರ ಬದಲಿಗೆ ಹೊಸದು ಕೊಡುವವನಿಗೆ ಕೊಟ್ಟು — ಹಾಡು ನನಗೂ ಬರ್ತಾವ ತಮ್ಮಾ, ಎನ್ನುತ್ತಾಳೆ ಅಕ್ಕ, ದಿನಾ ಮಧ್ಯಾಹ್ನ ಒಂದಕ್ಕ ಅವ್ವ ನನಗ ಫೋನ್ ಹಚ್ತಿದ್ಲಲ್ಲ, ನಾ ಎತ್ತಿದ ಕೂಡಲೇ, ಅವ್ವಾ, ಉಂಡಿಯೇನ, ಅಂತಿದ್ಲಲ್ಲ, ಅದು ಎಷ್ಟನೇ ಒತ್ತಿಗೆ ಬರ್ತೈತಿ?

ಅವ್ವಾ, ಉಂಡಿಯೇನ. ನೂರೆಂಬತ್ತು ಕರೆಗಳು ಹಾಗೆಯೇ ಶುರುವಾಗಿದ್ದವು, ಮೊದಲ ಮಾತು ಕೇಳಿ ನಿಲ್ಲಿಸುತ್ತಿದ್ದೆ, ಅವ್ವಾ ಎಂದವಳು ಮಗಳೇ ಇರಬೇಕಲ್ಲ, ಅಕ್ಕನ ದನಿ ಅಕ್ಕನಿಗೇಕೆ, ಫೋನಿನಲ್ಲಿ ಇಬ್ಬರದೂ ಒಂದೇ ದನಿ, ಬೀಗರೆಲ್ಲ ಮೋಸಹೋಗುತ್ತಿದ್ದರು, ಅಳಿಸು, ಮುಂದಿನದು, ಅಳಿಸು — ಮಗಳನ್ನು ಅವ್ವಾ ಎನ್ನದ ತಾಯಿ ಈ ಸೀಮೆಯಲ್ಲಿ ಎಲ್ಲಿದ್ದಾಳೆ, ದವಾಖಾನೆಯಲ್ಲಿ ಕೊನೆಯ ದಿನ ಅವ್ವ ನನಗೇ, ನೀರು ಕುಡೀಯಪ್ಪಾ, ಎಂದಳಲ್ಲ, ನಾನೇನು ಅವಳ ಅಪ್ಪನೇ, ಸಂಬೋಧನೆಗೆ ಪ್ರತಿವರ್ಷವೂ ಎರಡು ಅಂಕದ ಪ್ರಶ್ನೆ ಹಾಕುತ್ತಿದ್ದವನು, ಹತ್ತನೆಯ ಇಯತ್ತೆಯ ಹುಡುಗ ತಪ್ಪಿದರೆ ಕಿವಿ ಹಿಂಡುತ್ತಿದ್ದವನು, ಪಟ್ಟಿ ಎಪ್ಪತ್ತೊಂದು, ಅಫ್ಸರ, ನಿಲ್ಲಸಾಕ ಬರ್ತೈತೇನು, ಇಲ್ರಿ ಸರ, ನಡುವ ನಿಲ್ಲಿಸಿದ್ರ ಡಿಸ್ಕ್ ಸತ್ತಹೋಗ್ತೈತಿ, ಯಾಕ್ರಿ, ಏನರ ಬಿಟ್ಟೈತೇನು, ಇಲ್ಲ, ಏನಿಲ್ಲ, ಅಳಿಸಿದ್ದನ್ನು ಮರಳಿ ತರಲಾದೀತೇ ಎಂದು ಕೇಳಬೇಕು, ಕೇಳಿದರೆ ಪಿಸುಮಾತಾದರೂ ಅಕ್ಕನ ಕಿವಿಗೆ ಬೀಳುತ್ತದೆ, ತರುವುದಾದರೂ ಯಾವ ಫೋನಿನಿಂದ, ತೊಂಬತ್ತಾರು, ನೂರು, ಡಬ್ಬಿ ನಾಲಿಗೆ ಚಾಚಿತು, ಅಫ್ಸರ ಡಿಸ್ಕನ್ನು ಅವಳ ಅಂಗೈಯಲ್ಲಿಟ್ಟ, ಅಯ್ಯ, ಬೆಚ್ಚಗ ಐತಲ್ಲೋ, ಎನ್ನುತ್ತಾಳೆ, ನೀ ಮಾಸ್ತರ ಅದೀ ತಮ್ಮಾ, ತಪ್ಪಲಾರದ್ಹಂಗ ಹಚ್ಚಿರ್ತೀ, ನಾಲ್ಕಕ್ಕ ಬೈಗುಳ ಅಂದಿ, ಹಂಗಾರ ಅದು ಐದನೇದೇನು, ಬೆರಳು ಮೊಣಕಾಲಿನ ಮೇಲೆ, ಒಂದು, ಎರಡು, ಮೂರು, ನಾಲ್ಕು, ಮತ್ತೊಮ್ಮೆ ಒತ್ತಿತು, ಒತ್ತಿ ಹಿಡಿದೇ ಇದೆ, ಎತ್ತುತ್ತಿಲ್ಲ