ಕಬ್ಬಿಣದ ರಿಮ್ಮಿಗೆ ಬೇಸಿಗೆ ಟೈರು

ನಮ್ಮ ಎರ್ತ್ಸ್ ಬೆಟ್ಟಸೀಮೆಯ ಗಂಡಸರಿಗೆ ಅಕ್ಟೋಬರಿನಿಂದ ಈಸ್ಟರ್‌ವರೆಗೆ ಒಂದು ಬಗೆಯ ಸೂತಕ. ಚಳಿಗಾಲದ ಟೈರುಗಳನ್ನು ಕರಿ ಕಬ್ಬಿಣದ ರಿಮ್ಮುಗಳಿಗೆ ಹಾಕಿಸುತ್ತಾರೆ. ಹೊಳೆಯುವ ಅಲಾಯ್ ರಿಮ್ಮುಗಳನ್ನು ನೆಲಮಾಳಿಗೆಯಲ್ಲಿ ಹೊದಿಸಿ ಮಲಗಿಸುತ್ತಾರೆ. ಹಿಮ ಕರಗಲೆಂದು ರಸ್ತೆಗೆ ಚೆಲ್ಲಿದ ಉಪ್ಪು ತೊಳೆದುಹೋಗುವವರೆಗೆ ಕಾಯುತ್ತಾರೆ. ಈಸ್ಟರ್ ವಾರ ಬಂತೆಂದರೆ ಎಲ್ಲರೂ ಒಟ್ಟಿಗೆ ನಮ್ಮ ಟೈರ್ ಅಂಗಡಿಗೆ ನುಗ್ಗುತ್ತಾರೆ. ಆಮೇಲೂ ಕಬ್ಬಿಣದ ರಿಮ್ಮಿನಲ್ಲಿ ಓಡಾಡುವವನನ್ನು ಮೊದಲ ವಾರ ಮರೆಗುಳಿ ಎನ್ನುತ್ತಾರೆ. ಎರಡನೆಯ ವಾರ, ಪಾಪ, ಮನೆಯಲ್ಲಿ ಏನೋ ಸರಿಯಿಲ್ಲ ಎನ್ನುತ್ತಾರೆ. ಇಪ್ಪತ್ತೆರಡು ವರ್ಷದಿಂದ ನಾನು ಆ ಅಂಗಡಿಯ ಕೌಂಟರಿನ ಹಿಂದಿದ್ದೇನೆ. ಅಲ್ಲಿ ಗಾಳಿಗೂ ಬರವಿಲ್ಲ, ಗಾಳಿಮಾತಿಗೂ ಬರವಿಲ್ಲ.

ಆ ಸಲ ಮಂಗಳವಾರ ಬೆಳಿಗ್ಗೆ ನೀರಿನ ಕಚೇರಿಯ ಗುಮಾಸ್ತ ಫೋಲ್ಕ್‌ಮಾರ್ ಲೀಬ್‌ಷರ್ ಬಂದ. ಹತ್ತು ವರ್ಷದ ಹಳೆಯ ಕಾರಿನ ಹಿಂಬಾಗಿಲು ತೆರೆದು, ಹಾಸಿಗೆಯ ಬಿಳಿ ಬಟ್ಟೆಯಲ್ಲಿ ಸುತ್ತಿದ್ದ ನಾಲ್ಕು ಚಕ್ರಗಳನ್ನು ಒಂದೊಂದಾಗಿ ಎತ್ತಿ ಇಳಿಸಿದ. ಹತ್ತೊಂಬತ್ತು ಇಂಚಿನ ಅಲಾಯ್. ಕಾರು ಕಾರ್ಖಾನೆಯಿಂದ ಬಂದದ್ದು ಹದಿನಾರು ಇಂಚಿನ ಚಕ್ರಗಳ ಮೇಲೆ. ಹೋದ ಆಗಸ್ಟಿನಲ್ಲಿ ಇವನ್ನು ಕೊಂಡು, ತಪಾಸಣೆಯ ಎಂಜಿನಿಯರನಿಂದ ಗಾಡಿಯ ದಾಖಲೆಯಲ್ಲಿ ಬರೆಸಿ, ಮುದ್ರೆ ಬಿದ್ದ ವಾರವೇ ಹಳೆಯ ಹದಿನಾರರ ಅಲಾಯ್‌ಗಳನ್ನು ಮಾರಿಬಿಟ್ಟಿದ್ದ. ಅಂದಿನಿಂದ ಅವನು ಚಕ್ರವರ್ತಿ.

"ಫ್ರಾವ್ ನಾಯ್‌ಬರ್ಟ್, ಇವಕ್ಕೆ ಹಾಕೋ ಹೊಸ ಟೈರು ಇದು, ನೋಡಿ." ಕಾರ್ ಪತ್ರಿಕೆಯಿಂದ ಕತ್ತರಿಸಿದ ಟೈರ್ ಪರೀಕ್ಷೆಯ ಪಟ್ಟಿಯನ್ನು ನನ್ನ ಮುಂದೆ ಬಿಡಿಸಿಟ್ಟ. ನಮ್ಮಲ್ಲಿ ಗ್ರೇಡು ಒಂದರಿಂದ ಶುರು, ಅಂಕ ಇಳಿದಷ್ಟೂ ಒಳ್ಳೆಯದು. "ಒಣ ರಸ್ತೆಗೆ ಒಂದು ಪಾಯಿಂಟ್ ಆರು. ನಾನು ಶಾಲೇಲಿ ಯಾವತ್ತೂ ಇಷ್ಟು ಒಳ್ಳೇ ಗ್ರೇಡ್ ತಗೊಂಡಿಲ್ಲ. ತಿರುವಲ್ಲಿ ರಸ್ತೆ ಕಚ್ಚಿಕೊಂಡೇ ಹೋಗತ್ತಂತೆ."

"ಕಚೇರಿಗೆ ಹೋಗೋ ದಾರೀಲಿ ತಿರುವು ಎಷ್ಟಿವೆ, ಹೆರ್ ಲೀಬ್‌ಷರ್?"

"ಎರಡು. ಒಂದರಲ್ಲಿ ಸಿಗ್ನಲ್ ಇದೆ."

ಅಷ್ಟರಲ್ಲಿ ಅವನ ಹೆಂಡತಿ ರೋಸ್ವಿತಾ ಒಂದು ರಟ್ಟಿನ ಪೆಟ್ಟಿಗೆಯನ್ನು ಕೌಂಟರಿನ ಮೇಲಿಟ್ಟು ಮುಚ್ಚಳ ತೆಗೆದಳು. ಒಳಗೆ ಬೆಣ್ಣೆಕ್ರೀಮಿನ ಕೇಕು. ಮೇಲೆ ಬಾದಾಮಿ ಹಿಟ್ಟಿನ ತೆಳು ಹೊದಿಕೆ, ಇಸ್ತ್ರಿ ಮಾಡಿದ ಹಾಗೆ ನುಣುಪು.

"ಕಚೇರಿ ಬಿಡಿ. ಇದಕ್ಕೆ ಯಾವ ಟೈರ್ ಬೇಕೋ ಅದು ಕೊಡಿ," ಎಂದಳು.

ಕಾರು ಐದು ದಿನ ಗಂಡನದು, ಶನಿವಾರ ಅವಳ ಕೇಕುಗಳದು. ಸೆಪ್ಟೆಂಬರಿನಲ್ಲಿ ಈ ಚಕ್ರಗಳ ಮೇಲೆ ಹೋದ ಎರಡು ಮದುವೆ ಕೇಕುಗಳು ಕೋಟೆ ಹೋಟೆಲು ತಲುಪುವಷ್ಟರಲ್ಲಿ ಬಿರುಕು ಬಿಟ್ಟಿದ್ದವು. ರೋಸ್ವಿತಾ ಮೂಗು ಮೇಲೆತ್ತಿ ಅಲ್ಲಿನ ಮ್ಯಾನೇಜರಮ್ಮನೇ ಆಗಿಬಿಟ್ಟಳು: "ಫ್ರಾವ್ ಲೀಬ್‌ಷರ್, ಮದುಮಕ್ಕಳಿಗೆ ಬಿರುಕನ್ನ ನಾವೇ ತೋರಿಸೋದು ಬೇಡ, ಮುಂದೆ ಅವರೇ ನೋಡ್ಕೊತಾರೆ. ಇನ್ನೊಂದು ಸಲ ಹೀಗಾದ್ರೆ ಪಕ್ಕದ ಕಣಿವೆಯ ಕೇಕಿನವನಿಗೆ ಹೇಳ್ತೀವಿ!" ಆ ಬೇಸಿಗೆಯಲ್ಲಿ ಕೋಟೆಯಲ್ಲಿ ಹನ್ನೊಂದು ಮದುವೆ. ಮೊದಲನೆಯದು ಈಸ್ಟರ್ ಕಳೆದ ಶನಿವಾರವೇ. ರೋಸ್ವಿತಾಳ ಅಡುಗೆಮನೆಯ ಒಲೆ ವರ್ಷವಿಡೀ ಉರಿಯುವುದು ಆ ಹನ್ನೊಂದರ ದುಡ್ಡಿನಿಂದ.

"ಅದು ಇವುಗಳ ಜೊತೆ ಬಂದ ಹಳೇ ಟೈರಿನ ತಪ್ಪು. ಚಕ್ರದ್ದಲ್ಲ," ಎಂದ ಫೋಲ್ಕ್‌ಮಾರ್.

ಚಕ್ರದ ಒಟ್ಟು ಎತ್ತರ ಬದಲಾಗುವಂತಿಲ್ಲ; ರಿಮ್ ಬೆಳೆದಷ್ಟೂ ಸುತ್ತಲಿನ ರಬ್ಬರು ಕರಗುತ್ತದೆ. ಹದಿನಾರಕ್ಕೆ ಅಂಗೈ ಅಗಲದ ರಬ್ಬರ್ ಗೋಡೆ ಸಿಕ್ಕರೆ ಹತ್ತೊಂಬತ್ತಕ್ಕೆ ಮೂರು ಬೆರಳು. ಕೇಕನ್ನು ಹೊರುವುದು ಆ ಗೋಡೆಯೊಳಗಿನ ಗಾಳಿ. ಇದನ್ನು ಹೇಳಿದೆ.

"ಹಾಗಾದ್ರೆ ಇದೇ ರಿಮ್ಮಿಗೆ ಅಗಲ ಗೋಡೇದು ಹಾಕಿ," ಎಂದಳು ರೋಸ್ವಿತಾ.

ಫೋಲ್ಕ್‌ಮಾರ್ ಬೆಚ್ಚಿಬಿದ್ದ. "ದಾಖಲೇಲಿ ಬರೆದಿರೋ ಅಳತೆ ಒಂದೇ! ಬೇರೆ ಹಾಕಿದ್ರೆ ಗಾಡಿ ರಸ್ತೆಗೇ ಇಳಿಯೋ ಹಾಗಿಲ್ಲ."

"ಮಡ್‌ಗಾರ್ಡಿಗೂ ಉಜ್ಜತ್ತೆ," ಎಂದು ನಾನೂ ಸೇರಿಸಿದೆ. "ಅದೇ ಅಳತೇಲಿ ಮೆತ್ತನೆ ಜಾತಿಯದು ಇದೆ. ಒಣ ರಸ್ತೆಗೆ ಎರಡು ಪಾಯಿಂಟ್ ಐದು."

"ಎರಡು ಪಾಯಿಂಟ್ ಐದಾ..." ಮಗ ಫೇಲಾದವನ ಮುಖ ಮಾಡಿದ.

ಹಿಂದಿನ ಕೋಣೆಯಲ್ಲಿ ಅಂಥದೇ ನಾಲ್ಕು ಬಿದ್ದಿದ್ದವು. ಒಬ್ಬ ಹಲ್ಲಿನ ಡಾಕ್ಟರು ಕಾರು ಬದಲಿಸಿದಾಗ ಬಿಟ್ಟುಹೋದವು, ಹೆಚ್ಚು ಸವೆದಿರಲಿಲ್ಲ. ಕೊಳ್ಳುವ ಮುಂಚೆ ನೋಡಿಬಿಡಿ ಎಂದು ಅವನ್ನೇ ಅಲಾಯ್‌ಗಳಿಗೆ ಹಾಕಿಸಿ ಕಾರಿಗೆ ಏರಿಸಿದೆ. ಫೋಲ್ಕ್‌ಮಾರ್ ಸ್ಟೀರಿಂಗ್ ಹಿಡಿದ. ರೋಸ್ವಿತಾ ಪಕ್ಕದಲ್ಲಿ ಕೂತಳು. ಕೇಕು ಹಿಂದೆ, ಒದ್ದೆ ಬಟ್ಟೆಯ ಮೇಲೆ, ಅದರ ಪಕ್ಕದ ಸೀಟಿನಲ್ಲಿ ನಾನು ಸಾಕ್ಷಿ.

ಡಾಂಬರಿನ ಮೇಲೆ ಸೊಗಸಾಗಿ ಸಾಗಿತು. "ನೋಡಿದ್ಯಾ? ತೊಟ್ಟಿಲು!" ಎಂದ. ಆಮೇಲೆ ಚರ್ಚಿನ ಓಣಿಯ ಕಲ್ಲುಹಾಸು ಶುರುವಾಯಿತು. ಅವನು ವೇಗವನ್ನು ಇಪ್ಪತ್ತಕ್ಕೆ ಇಳಿಸಿದ, ಹತ್ತಕ್ಕೆ ಇಳಿಸಿದ. ನಾಯಿ ಹಿಡಿದುಕೊಂಡು ನಡೆಯುತ್ತಿದ್ದ ಮುದುಕಿಯೊಬ್ಬಳು ನಮ್ಮನ್ನು ಹಿಂದೆ ಹಾಕಿದಳು. ಕೋಟೆಗೆ ಹೋಗಲು ಬೇರೆ ದಾರಿಯಿಲ್ಲ. ಮಾರುಕಟ್ಟೆ ಚೌಕದ ಚರಂಡಿ ದಾಟುವಾಗ ಕೇಕು ಒಮ್ಮೆ ನಿಟ್ಟುಸಿರು ಬಿಟ್ಟಂತಾಯಿತು.

ಇಳಿದು ನೋಡಿದೆವು. ನೆತ್ತಿಯಿಂದ ಬುಡದವರೆಗೆ ಒಂದು ಬಿರುಕು. ಫೋಲ್ಕ್‌ಮಾರ್ ಜೇಬಿನಿಂದ ಟೈರಿನ ಗೀರುಗಳ ಆಳ ಅಳೆಯುವ ಕಡ್ಡಿ ತೆಗೆದು ಬಿರುಕಿಗೆ ಇಳಿಸಿದ. ಅವನಿಗೆ ಬೇರೆ ಏನು ಮಾಡಬೇಕೋ ತೋಚಿರಲಾರದು.

"ಎಷ್ಟು?" ಎಂದಳು ಹೆಂಡತಿ.

"ನಾಲ್ಕು ಮಿಲಿಮೀಟರ್."

"ಟೈರಾಗಿದ್ರೆ ಪಾಸಾಗ್ತಿತ್ತು."

ಕಡ್ಡಿಯಲ್ಲಿ ಅಂಟಿದ್ದ ಕ್ರೀಮನ್ನು ಅವನು ನೆಕ್ಕಿದ. "ಬೆಳಿಗ್ಗೆ ಮನೆಯಿಂದ ಬರೋವಾಗಲೂ ಇದೇ ಕಲ್ಲುಹಾಸು ದಾಟಿದ್ವಲ್ಲ?"

"ದಾಟಿದ್ವಿ."

"ಹದಿನಾರರ ಕಬ್ಬಿಣದ ರಿಮ್ಮಲ್ಲಿ."

"ಹೌದು. ಅಂಗಡೀಲಿ ಮುಚ್ಚಳ ತೆಗೆದಾಗ ಒಂದು ಗೆರೆನೂ ಇರಲಿಲ್ಲ, ನೀನೇ ನೋಡಿದ್ಯಲ್ಲ."

ಅವನು ಕಾರಿನ ಸುತ್ತ ಒಂದು ಸುತ್ತು ಬಂದ. ಬಿಸಿಲಿಗೆ ನಾಲ್ಕೂ ಅಲಾಯ್‌ಗಳು ಕಣ್ಣು ಕೋರೈಸುತ್ತಿದ್ದವು. ನನ್ನ ಕಡೆ ತಿರುಗಿ, ಕಚೇರಿಯ ಕಿಟಕಿಯಲ್ಲಿ ಮಾತಾಡುವ ದನಿಯಲ್ಲಿ, "ಹದಿನಾರರ ಅಳತೆ ದಾಖಲೇಲಿ ಇನ್ನೂ ಇದೆ ಅಲ್ವಾ?" ಎಂದ.

"ಇದೆ. ಕಾರ್ಖಾನೆಯದೇ ಅಳತೆ."

"ಹಾಗಾದ್ರೆ ಆ ಕಬ್ಬಿಣದವಕ್ಕೇ ಬೇಸಿಗೆ ಟೈರ್ ಹಾಕಿ. ಮೆತ್ತನೆಯದು." ಅಲಾಯ್‌ಗಳತ್ತ ಕೈ ತೋರಿಸಿ, "ಇವಕ್ಕೆ ಅಕ್ಟೋಬರಲ್ಲಿ ಚಳಿಗಾಲದ್ದು ಹಾಕಿಸ್ತೀನಿ. ಚಳಿಗಾಲದಲ್ಲಿ ಯಾರೂ ಕೋಟೇಲಿ ಮದುವೆ ಆಗಲ್ಲ," ಎಂದ.

"ರಸ್ತೆ ಉಪ್ಪು ಅಲಾಯನ್ನ ತಿನ್ನತ್ತೆ, ಹೆರ್ ಲೀಬ್‌ಷರ್."

"ಗೊತ್ತು."

ರೋಸ್ವಿತಾ ಗಂಡನ ಮುಖ ನೋಡಿದಳು. ಕೇಕನ್ನು ಬಿರುಕಿನ ಗುಂಟ ಕತ್ತರಿಸಿ, ದೊಡ್ಡ ತುಂಡನ್ನು ಅವನಿಗೆ ಕೊಟ್ಟಳು.

ಈಸ್ಟರ್ ಕಳೆದ ಆ ಶನಿವಾರ ಮೂರಂತಸ್ತಿನ ಕೇಕು ಒಂದು ಗೆರೆಯೂ ಬೀಳದೆ ಕೋಟೆ ತಲುಪಿತು. ಮ್ಯಾನೇಜರಮ್ಮ ಕನ್ನಡಕ ಹಾಕಿಕೊಂಡು ಸುತ್ತಲೂ ಬಿರುಕು ಹುಡುಕಿದಳಂತೆ, ಸಿಗಲಿಲ್ಲ. ಅಂಗಳದಲ್ಲಿ ಫೋಲ್ಕ್‌ಮಾರ್ ಕಬ್ಬಿಣದ ರಿಮ್ಮು ಕಾಣದಿರಲೆಂದು ಕಾರನ್ನು ಬೇಲಿಗೆ ಒತ್ತಿ ನಿಲ್ಲಿಸಿದ್ದ. ಬೇಲಿ ಎರಡು ಚಕ್ರಗಳನ್ನಷ್ಟೇ ಮುಚ್ಚಿತು. ಮದುಮಗನ ಚಿಕ್ಕಪ್ಪ ಬಂದು, ಉಳಿದೆರಡನ್ನು ನೋಡಿ, ಬೆನ್ನು ತಟ್ಟಿದ. "ಏನ್ರೀ ಹೆರ್ ಲೀಬ್‌ಷರ್, ಈಸ್ಟರ್ ಕಳೀತು! ಇನ್ನೂ ಚಳಿ ಬಿಟ್ಟಿಲ್ವಾ?"

"ಇವು ಬೇಸಿಗೆಯವು."

"ಹೌದೌದು," ಎಂದು ಅವನು ಕಣ್ಣು ಮಿಟುಕಿಸಿದ.

ಸೋಮವಾರ ಫೋಲ್ಕ್‌ಮಾರ್ ಅಂಗಡಿಗೆ ಬಂದು, ಬಿಚ್ಚಿದ ಟೈರು ಮುಂದಿನದೋ ಹಿಂದಿನದೋ ಎಂದು ನಾವು ಗುರುತು ಹಾಕುವ ಸೀಮೆಸುಣ್ಣ ಕೇಳಿದ. ನಾಲ್ಕೂ ಟೈರುಗಳ ಮೇಲೆ ದೊಡ್ಡ ಅಕ್ಷರದಲ್ಲಿ 'ಬೇಸಿಗೆ' ಎಂದು ಬರೆದ. ಮೂರನೆಯ ಮದುವೆಯ ದಿನ ಮಳೆ ಬಂದು ಅಳಿಸಿಹೋಯಿತು. ಕೇಕಿಗೆ ಏನೂ ಆಗಲಿಲ್ಲ. ಅವನು ಮತ್ತೆ ಬಂದು ಬರೆದ. ಆ ಬೇಸಿಗೆಯಲ್ಲಿ ಅವನಿಗೆ ಮೂರು ಸೀಮೆಸುಣ್ಣ ಹಿಡಿಯಿತು.